ಸದ್ದಿಲ್ಲದ ಬಡಾವಣೆಯಲ್ಲಿ ಕಲ್ಲುಕಂಬ ಕಿತ್ತದ್ದು

ನಾವು ಮನೆ ಕೊಂಡ ಬಡಾವಣೆಗೆ ಇಟಲಿಯ ಯಾವುದೋ ಊರಿನ ಹೆಸರಿಟ್ಟಿದ್ದಾರೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ, ಮೊದಲು ದ್ರಾಕ್ಷಿ ತೋಟವಾಗಿದ್ದ ಜಾಗ. ತೋಟದವರು ಜಮೀನು ಮಾರಿ ಕಾರು ಕೊಂಡರು. ಕೊಂಡವರು ಬಳ್ಳಿ ಕಿತ್ತು ಬೀದಿದೀಪ ನೆಟ್ಟರು, ದಾರಿಗೆ ಅಡ್ಡಲಾಗಿ ಒಂದು ಕಮಾನು ಕಟ್ಟಿ ಅದರ ಮೇಲೆ ಎರಡು ಸಿಂಹ ಕೂರಿಸಿದರು. ಆ ಸಿಂಹಗಳ ಮುಖ ನೋಡಿದರೆ ಅವಕ್ಕೂ ಅಲ್ಲಿ ಯಾರ ಪರಿಚಯವೂ ಆಗಿಲ್ಲ ಎನ್ನುವುದು ಗೊತ್ತಾಗುತ್ತದೆ. ಇಂಥ ಕಡೆ ನಾನು ಮತ್ತು ನನ್ನ ಹೆಂಡತಿ, ಮದುವೆಯಾದಾಗಿನಿಂದ ಪವರ್‌ಲೂಮ್ ಓಡಿಸಿಕೊಂಡು ಸೀರೆ ನೇಯ್ದವರು, ಮಾಘ ಮಾಸದಲ್ಲಿ ಹಾಲು ಉಕ್ಕಿಸಿ ಒಳಗೆ ಬಂದೆವು.

ಬರಲು ಕಾರಣ ನನ್ನ ಕಿವಿ. ಮಗ್ಗದ ಸದ್ದಿಗೆ ಅರ್ಧ ಹೋಗಿತ್ತು. ಇನ್ನೂ ಅಲ್ಲೇ ಇದ್ದರೆ ಉಳಿದದ್ದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಅದನ್ನು ಅವರು ಎರಡು ಸಲ ಹೇಳಬೇಕಾಯಿತು. ಮಗ್ಗ ಮಾರಿದೆವು, ಮನೆಯನ್ನು ಮಾತ್ರ ಮಾರದೆ ಬೀಗ ಹಾಕಿ ಬಂದೆವು. ಹಾಗೆ ಬೀಗ ಹಾಕಿಸಿದವಳು ನನ್ನ ಹೆಂಡತಿ. ಅವಳಿಗೆ ಈ ಹೊಸ ಮನೆಯ ಮೇಲೆ ನಂಬಿಕೆ ಇರಲಿಲ್ಲ.

ನಮ್ಮ ಹಳೆಯ ಬೀದಿಯಲ್ಲಿ ಹಗಲು ಬಾಗಿಲು ಹಾಕುವ ಪದ್ಧತಿಯೇ ಇಲ್ಲ. ಪಕ್ಕದ ಮನೆಯಾಕೆ ಒಳಗೆ ಬಂದು, ಒಲೆಯ ಮೇಲಿದ್ದ ಸಾರಿನ ರುಚಿ ನೋಡಿ, ಉಪ್ಪು ಹಾಕಿ ಹೋಗುತ್ತಿದ್ದಳು. ಬೇಡವೆಂದರೂ ಹಾಕಿ ಹೋಗುತ್ತಿದ್ದಳು. ಹೊಸ ಬಡಾವಣೆಯಲ್ಲಿ ಒಬ್ಬರ ಮನೆಗೆ ಒಬ್ಬರು ಹೋಗಬೇಕಾದರೆ ಮೊದಲು ಮೆಸೇಜು ಹಾಕಬೇಕು, ಅವರು ಬಿಡುವಿನ ವೇಳೆ ತಿಳಿಸಬೇಕು, ಆಮೇಲೆ ಎರಡು ಕಡೆಯವರೂ ಮರೆತುಬಿಡಬೇಕು. ಗೃಹಪ್ರವೇಶಕ್ಕೆ ಬೀದಿಯವರನ್ನೆಲ್ಲ ಕರೆದಿದ್ದೆವು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೂಗುಚ್ಛದ ಚಿತ್ರ ಕಳಿಸಿದರು. ಊಟಕ್ಕೆ ಬಂದವರೆಲ್ಲ ದೊಡ್ಡಬಳ್ಳಾಪುರದಿಂದ ವ್ಯಾನಿನಲ್ಲಿ ಬಂದವರೇ.

ವ್ಯಾನು ಹೋದ ಮೇಲೆ ಹೆಂಡತಿ ತೀರ್ಪು ಕೊಟ್ಟಳು.

"ಯುಗಾದಿವರ್ಗೂ ನೋಡ್ತೀನಿ. ಅಷ್ಟ್ರೊಳಗೆ ಈ ಬೀದಿಯೋರು ಒಬ್ರಾದ್ರೂ ಫೋನ್ ಮಾಡ್ದೆ, ಕರೀದೆ, ತಾವಾಗೇ ನಮ್ಮ ಹೊಸ್ಲು ದಾಟಿ ಒಳಗೆ ಬಂದ್ರೆ ಇರ್ತೀನಿ. ಇಲ್ದಿದ್ರೆ ನಾನು ನಮ್ಮ ಬೀದಿಗೆ ಹೋಗ್ತೀನಿ. ನೀವು ಬೇಕಾದ್ರೆ ಇಲ್ಲೇ ಇದ್ಕೊಂಡು ಹುಲ್ಲಿಗೆ ನೀರು ಹಾಕ್ಕೊಂಡಿರಿ."

ಹುಲ್ಲಿನ ಮಾತು ಚುಚ್ಚುಮಾತು. ಮನೆಯ ಮುಂದಿನ ಹಸಿರು ಹುಲ್ಲಿಗೆ ನಾನು ಮನೆ ಕೊಂಡ ದಿನದಿಂದ ಬಂದು ಬಂದು ಭಕ್ತಿಯಿಂದ ನೀರು ಹಾಕುತ್ತಿದ್ದೆ. ಅದು ಪ್ಲಾಸ್ಟಿಕ್ಕಿನದು ಎಂದು ಕಂಡುಹಿಡಿದವಳು ಅವಳು. ಜೀವಮಾನವೆಲ್ಲ ರೇಷ್ಮೆ ಯಾವುದು, ಬೆರಕೆ ಯಾವುದು ಎಂದು ಮುಟ್ಟಿ ಹೇಳಿದ ಮನುಷ್ಯ ಹುಲ್ಲನ್ನು ಮುಟ್ಟಿ ನೋಡಿರಲಿಲ್ಲ. ಅವಮಾನವಾಯಿತು, ಒಪ್ಪುತ್ತೇನೆ. ಆದರೆ ಅವಳು ಹೇಳಿದ್ದರಲ್ಲಿ ಹುಲ್ಲಿಗಿಂತ ಯುಗಾದಿಯ ಮಾತು ನನಗೆ ಹೆಚ್ಚು ಭಯ ಹುಟ್ಟಿಸಿತು. ನಾನು ಮಗ್ಗದ ಬೀದಿಗೆ ವಾಪಸ್ ಹೋಗುವ ಹಾಗಿಲ್ಲ, ಅವಳು ಇಲ್ಲಿ ಇರುವುದಿಲ್ಲ ಎನ್ನುತ್ತಾಳೆ. ಈ ವಯಸ್ಸಿನಲ್ಲಿ ಗಂಡ ಒಂದು ಊರು ಹೆಂಡತಿ ಒಂದು ಊರು ಎಂದರೆ, ಕಿವಿ ಸರಿಯಿದ್ದು ತಾನೇ ಏನು ಪ್ರಯೋಜನ.

ಜನ ಬರಬೇಕಾದರೆ ಮನೆ ಬರುವ ಹಾಗಿರಬೇಕು ಎಂದು ಯೋಚಿಸಿ ನಾನು ಕೆಲಸಕ್ಕೆ ಇಳಿದೆ. ಶಿವರಾತ್ರಿ ಕಳೆದಿತ್ತು. ಮನೆ ಪಕ್ಕದ ಹೊಂಗೆ ಮರ ಹಳೆಯ ಎಲೆಯನ್ನೆಲ್ಲ ನಮ್ಮ ಅಂಗಳಕ್ಕೆ ಸುರಿದು ತಾನು ಮಾತ್ರ ಹೊಸ ಚಿಗುರು ತೊಟ್ಟು ನಿಂತಿತ್ತು. ಎಲೆ ಗುಡಿಸಿದೆ, ಮಳೆನೀರಿನ ಕೊಳವೆಯಲ್ಲಿ ಕಟ್ಟಿಕೊಂಡಿದ್ದ ಕಸ ತೆಗೆದೆ, ಗೇಟಿಗೆ ಬಣ್ಣ ಬಳಿದೆ. ಬಣ್ಣ ಒಣಗುವ ಮೊದಲೇ ಗೇಟು ತೆರೆದಿಟ್ಟೆ. ನಾಯಿ ಬಂದು ಮೈಗೆ ಹಚ್ಚಿಕೊಂಡು ಹೋಯಿತು. ಗೇಟಿನ ಪಕ್ಕದಲ್ಲಿ, ಹಾದು ಹೋಗುವವರು ಕೂರಲಿ ಎಂದು ಚಪ್ಪಡಿ ಹಾಕಿ ಒಂದು ಕಲ್ಲುಬೆಂಚು ಮಾಡಿದೆ. ಮೂರನೆಯ ದಿನ ಬಡಾವಣೆಯ ಸಂಘದಿಂದ ಮೆಸೇಜು ಬಂತು, ಮನೆಗಳ ಮುಂಭಾಗ ಏಕರೂಪವಾಗಿರಬೇಕು, ಬೆಂಚು ಏಕರೂಪವಾಗಿಲ್ಲ ಎಂದು. ಸಂಘದ ಕಾರ್ಯದರ್ಶಿಗಳು ನಮ್ಮಿಂದ ಎರಡು ಮನೆ ಆಚೆಯವರು, ಯಾವುದೋ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಿವೃತ್ತಿ ಮಾತ್ರ ಆಗಿತ್ತು, ಅಧಿಕಾರ ಹೋಗಿರಲಿಲ್ಲ.

ಹೆಂಡತಿಯೂ ತನ್ನ ಪ್ರಯತ್ನ ಮಾಡಿದಳು. ಎದುರು ಮನೆಯಲ್ಲಿ ಒಬ್ಬ ಹೆಣ್ಣುಮಗಳು ಗಂಡನೊಂದಿಗೆ ಇದ್ದಳು. ಮಹಡಿಯ ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನವಿಡೀ ಆಫೀಸಿನ ಕೆಲಸ ಮಾಡುವವಳು. ನನ್ನ ಹೆಂಡತಿ ಅವಳಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಕೊಟ್ಟು ಬಂದಳು. ಸಂಜೆ ಸೆಕ್ಯುರಿಟಿಯವನ ಕೈಯಲ್ಲಿ ಡಬ್ಬಿ ವಾಪಸ್ ಬಂತು, ಫಳಫಳ ತೊಳೆದು, ಮೇಲೊಂದು 'ಥ್ಯಾಂಕ್ಸ್' ಚೀಟಿ ಅಂಟಿಸಿ. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತೇವೆ. ನನ್ನ ಹೆಂಡತಿ ಬಹಳ ಹೊತ್ತು ಆ ಖಾಲಿ ಡಬ್ಬಿಯೊಳಗೆ ನೋಡಿದಳು. ಅವಳಿಗೆ ನೋವಾಗಿತ್ತು.

ಒಳಗೆ ಬಂದವರು ಯಾರೂ ಇರಲೇ ಇಲ್ಲ ಎಂದಲ್ಲ. ಪೇಂಟಿನವನು ಬಂದ, ನಲ್ಲಿಯವನು ಬಂದ, ನೀರು ಶುದ್ಧ ಮಾಡುವ ಯಂತ್ರ ಮಾರುವವನಂತೂ ಅಡುಗೆಮನೆಯವರೆಗೂ ಬಂದು ನಮ್ಮ ನೀರು ಕುಡಿದರೆ ಏನೇನು ರೋಗ ಬರುತ್ತದೆ ಎಂದು ವಿವರಿಸಿದ. ಇವರಲ್ಲಿ ಒಬ್ಬರನ್ನಾದರೂ ಲೆಕ್ಕಕ್ಕೆ ತೊಗೊ ಎಂದು ನಾನು ವಾದಿಸಿದೆ.

"ದುಡ್ಡಿಗೋಸ್ಕರ ಬರೋರು ಬಂದಂಗಲ್ಲ," ಎಂದಳು.

ಈಗ ನಮ್ಮಿಬ್ಬರ ಮಾತಿನ ರೀತಿಯನ್ನು ಹೇಳಬೇಕು. ಪವರ್‌ಲೂಮ್ ನಡೆಯುವ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಮುದ್ದಿನ ಮಾತನ್ನೂ ಕೂಗಿಯೇ ಹೇಳಬೇಕು. ಕೂಗಿದರೂ ಕೇಳದಷ್ಟು ದೂರವಿದ್ದರೆ ಕೈಸನ್ನೆ. ಕರೆಯಬೇಕಾದರೆ ಜೋರಾಗಿ ಚಪ್ಪಾಳೆ. ಚಪ್ಪಾಳೆಗೂ ತಿರುಗದಿದ್ದರೆ ಕಂಡಿಕೆ, ಅಂದರೆ ಲಾಳಿಯೊಳಗೆ ಹಾಕುವ ನೂಲಿನ ಪುಟ್ಟ ಉರುಳೆ, ಅದನ್ನೇ ಬೆನ್ನಿಗೆ ಗುರಿಯಿಟ್ಟು ಎಸೆಯುವುದು. ನನ್ನ ಹೆಂಡತಿ ಈ ವಿದ್ಯೆಯಲ್ಲಿ ಪಳಗಿದವಳು. ಊಟಕ್ಕೆ ಕರೆಯಲು ಒಂದು, ಕರೆಂಟಿನ ಬಿಲ್ಲಿನವನು ಬಂದಿದ್ದಾನೆ ಎನ್ನಲು ಒಂದು ಎಂದು ಎಸೆದು ಎಸೆದು, ಮಗ್ಗದ ಮನೆಯಲ್ಲಿ ಅವಳ ಗುರಿ ಒಮ್ಮೆಯೂ ತಪ್ಪಿರಲಿಲ್ಲ. ಈ ಅಭ್ಯಾಸವೆಲ್ಲ ಗಂಟುಮೂಟೆಯ ಜೊತೆಗೆ ಹೊಸ ಮನೆಗೂ ಬಂತು. ಅಂಗಳದಲ್ಲಿ ಕಂಡಿಕೆ ಎಲ್ಲಿ ಸಿಗುತ್ತದೆ. ಅವಳು ಮಣ್ಣಿನ ಹೆಂಟೆ ಎಸೆಯುತ್ತಿದ್ದಳು.

ನಮಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ನಮಗೆ ವಿಚಿತ್ರವಾಗಿ ಕಂಡದ್ದು ಆ ಬಡಾವಣೆಯ ಮೌನ. ಎದುರು ಮನೆಯ ಗಂಡಹೆಂಡತಿ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುತ್ತ ಮಾತಾಡುತ್ತಿದ್ದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ವಿಮಾನದ ಸದ್ದು ಜಾಸ್ತಿ ಎಂದು ಗುಂಪಿನಲ್ಲಿ ಎಲ್ಲರೂ ಗೊಣಗುತ್ತಿದ್ದರು. ನಮಗೆ ವಿಮಾನ ಹೋದಾಗಲೇ ಸ್ವಲ್ಪ ಮನೆಯ ಹಾಗೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಗುಂಪಿನಲ್ಲಿ ಕಾರ್ಯದರ್ಶಿಗಳ ಮೆಸೇಜು ಬಂತು. ಯಾರ ಹೆಸರೂ ಇರಲಿಲ್ಲ. "ನಿವಾಸಿಗಳು ತಮ್ಮ ಕೌಟುಂಬಿಕ ವಿಷಯಗಳನ್ನು ತಗ್ಗಿದ ದನಿಯಲ್ಲಿ, ಪರಸ್ಪರ ಗೌರವದಿಂದ ಬಗೆಹರಿಸಿಕೊಳ್ಳಬೇಕಾಗಿ ವಿನಂತಿ." ನಾನು ಅಂಗಳದಲ್ಲಿ ನಿಂತುಕೊಂಡೇ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಅದನ್ನು ಓದಿ ಹೇಳಿದೆ.

"ಯಾರೋ ಗಂಡ ಹೆಂಡ್ತಿ ವಿಪರೀತ ಜಗಳ ಆಡ್ತಾರಂತೆ ಕಣೇ ಈ ಬೀದೀಲಿ."

"ಎದುರುಮನೆಯೋರೇ ಇರ್ಬೇಕು," ಎಂದು ಅವಳು ಒಳಗಿನಿಂದ ಕೂಗಿದಳು. "ಪಾಪ, ಯಾವಾಗ್ಲೂ ಪಿಸಪಿಸ ಅಂತಿರ್ತಾರೆ. ಚೆನ್ನಾಗಿರೋರು ಹಂಗೆ ಮಾತಾಡ್ತಾರೇನ್ರಿ."

ನನಗೂ ಸರಿ ಎನ್ನಿಸಿತು. ನಮ್ಮ ಬೀದಿಯಲ್ಲಿ ಗಂಡಹೆಂಡತಿಯ ದನಿ ಕೇಳಿಸದಿದ್ದರೆ ಮಾತು ಬಿಟ್ಟಿದ್ದಾರೆ ಎಂದೇ ಅರ್ಥ. ಆ ಬಡಪಾಯಿ ದಂಪತಿಗೆ ಒಳ್ಳೆಯದಾಗಲಿ ಎಂದುಕೊಂಡು ಮೆಸೇಜಿನ ಕೆಳಗೆ "ಒಳ್ಳೆಯ ಸಲಹೆ, ನಮ್ಮ ಬೆಂಬಲವಿದೆ" ಎಂದು ಬರೆದೆ. ಹೆಂಡತಿ ತನ್ನ ಫೋನಿನಿಂದ ಕೈಮುಗಿಯುವ ಚಿತ್ರ ಹಾಕಿದಳು. ಬೇರೆ ಯಾರೂ ಏನೂ ಹಾಕಲಿಲ್ಲ. ಇಡೀ ಗುಂಪು ತಣ್ಣಗಿತ್ತು.

ಯುಗಾದಿಗೆ ಒಂದು ವಾರ ಇರುವಾಗ ಪ್ಲಾಸ್ಟಿಕ್ ಹುಲ್ಲು ಕಿತ್ತುಹಾಕುವ ಕೆಲಸಕ್ಕೆ ಕೈ ಹಾಕಿದೆವು. ಹಬ್ಬಕ್ಕೆ ರಂಗೋಲಿ ಬಿಡಲು ಮಣ್ಣಿನ ನೆಲ ಬೇಕು, ಸಾರಿಸಬೇಕು ಎಂದು ಅವಳ ಹಟ. ಅದೇನೋ ಒಳ್ಳೆಯ ಲಕ್ಷಣ ಎಂದು ನನಗೆ ಆಸೆಯಾಯಿತು. ಬಿಟ್ಟುಹೋಗುವ ಮನೆಯ ಅಂಗಳವನ್ನು ಯಾರೂ ಸಾರಿಸುವುದಿಲ್ಲವಲ್ಲ. ಹುಲ್ಲಿನ ಮಧ್ಯದಲ್ಲಿ, ಬಾಗಿಲಿಗೆ ಎದುರಾಗಿ, ಹಿಂದಿನ ಮಾಲೀಕರು ಸಿಮೆಂಟಿನ ಒಂದು ಹಂಸ ಕೂರಿಸಿದ್ದರು. ಹಂಸವನ್ನು ಎತ್ತಿದರೆ ಅದರ ಅಡಿಯಲ್ಲಿ ಮೊಣಕಾಲೆತ್ತರದ ಕಲ್ಲುಕಂಬ. ದ್ರಾಕ್ಷಿ ಚಪ್ಪರಕ್ಕೆ ನೆಟ್ಟಿದ್ದ ಕಂಬ ಅದು. ಮೇಲಿನ ಅರ್ಧ ಮುರಿದು, ಕೆಳಗಿನದನ್ನು ಕೀಳಲಾಗದೆ, ನಾಚಿಕೆಯಿಂದ ಹಂಸದ ಒಳಗೆ ಮುಚ್ಚಿಟ್ಟಿದ್ದರು.

"ಇದನ್ನ ಕಿತ್ತಾಕಿ. ಬಂದೋರು ಎಡವಿ ಬೀಳ್ತಾರೆ."

"ಬರೋರು ಯಾರಿದ್ದಾರೆ?"

ಬಾಯಿ ತಪ್ಪಿ ಬಂದ ಮಾತು. ಅವಳ ಮುಖ ಇಳಿದುಹೋಯಿತು. ನಾನು ಹೋಗಿ ಹಾರೆ ತಂದೆ.

ತೋಟದವರು ಆ ಕಂಬವನ್ನು ಪ್ರಳಯಕ್ಕೂ ಜಗ್ಗದ ಹಾಗೆ ನೆಟ್ಟಿದ್ದರು. ಮೊದಲ ದಿನ ಸುತ್ತ ಅಗೆದೆ. ಎರಡನೆಯ ದಿನ ಹಾರೆ ಕೊಟ್ಟು ಮೀಟಿದೆ. ಕಂಬ ಅಲುಗಾಡಲಿಲ್ಲ, ನನ್ನ ಸೊಂಟ ಅಲುಗಾಡಿತು. ಹೆಂಡತಿ ಹಳೆಯ ಸೀರೆಯನ್ನು ಹುರಿಗಟ್ಟಿ ಕಂಬಕ್ಕೆ ಬಿಗಿದು ಎಳೆಯಲು ನಿಂತಳು. ಅವಳು ಎಳೆಯಬೇಕಾದಾಗ ನಾನು ಚಪ್ಪಾಳೆ ತಟ್ಟುವುದು, ನಾನು ನಿಲ್ಲಿಸಬೇಕಾದಾಗ ಅವಳು ಹೆಂಟೆ ಎಸೆಯುವುದು, ಮಧ್ಯೆ ಇಬ್ಬರೂ ಎರಡೂ ಕೈಯೆತ್ತಿ ಸನ್ನೆ ಮಾಡುವುದು, ಸನ್ನೆ ಸಾಲದೆ ಕೂಗುವುದು. ಈ ಕಾರ್ಯಕ್ರಮ ಭಾನುವಾರ ಬೆಳಿಗ್ಗೆ ಸಾಂಗವಾಗಿ ನಡೆಯುತ್ತಿತ್ತು. ಎದುರು ಮನೆಯ ಹೆಣ್ಣುಮಗಳಿಗೆ ಭಾನುವಾರವೂ ಆಫೀಸಿನ ಕೆಲಸ, ಅವಳ ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ಸುತ್ತಲಿನ ಮನೆಗಳವರೆಲ್ಲ ಮಕ್ಕಳನ್ನು ಒಳಗೆ ಕರೆದುಕೊಂಡಿದ್ದರು ಎನ್ನುವುದು ನಮಗೆ ಆಮೇಲೆ ತಿಳಿಯಿತು.

ಕಂಬ ಕೊನೆಗೂ ಒಂದು ಕಡೆಗೆ ವಾಲಿತು. ಅದು ನನ್ನ ಕಾಲಿನ ಕಡೆಗೆ ವಾಲುತ್ತಿದೆ ಎನ್ನುವುದನ್ನು ಅವಳು ನೋಡಿದಳು, ನಾನು ನೋಡಲಿಲ್ಲ. ಅವಳು ಕೂಗಿದ್ದು ನನ್ನ ಕೆಟ್ಟ ಕಿವಿಯ ಕಡೆಯಿಂದ. ಕೈಗೆ ಸಿಕ್ಕ ಹೆಂಟೆ ಬೀಸಿದಳು. ಅದರೊಳಗೊಂದು ಕಲ್ಲು ಇತ್ತು. ನಾನು ಅಷ್ಟರಲ್ಲಿ ತಲೆ ತಿರುಗಿಸಿದ್ದರಿಂದ ಬೆನ್ನಿಗೆ ಬೀಳಬೇಕಾದ್ದು ಹಣೆಗೆ ಬಿತ್ತು. ಜೀವಮಾನದಲ್ಲಿ ಅವಳ ಗುರಿ ತಪ್ಪಿದ್ದು ಅದೊಂದೇ ಸಲ. ನಾನು ಹಿಂದಕ್ಕೆ ಹಾರಿದೆ, ಕಂಬ ನಾನು ನಿಂತಿದ್ದ ಜಾಗಕ್ಕೆ ಬಿತ್ತು. ಹಣೆಯಿಂದ ರಕ್ತ ಇಳಿಯಿತು. ಅವಳು ಅರಿಶಿನ ತರಲು ಒಳಗೆ ಓಡಿದಳು. ಹತ್ತಿಯನ್ನೂ ತರಲಿ ಎಂದು ಕೂಗಿಕೊಂಡು ನಾನೂ ಹಿಂದೆಯೇ ಓಡಿದೆ. ಕೈಯಲ್ಲಿ ಹಾರೆ ಹಾಗೇ ಇತ್ತು.

ಮಹಡಿಯ ಕಿಟಕಿಯಿಂದ ನೋಡಿದವರಿಗೆ ಇದು ಹೇಗೆ ಕಂಡಿರಬೇಕು ಎಂದು ಈಗ ಯೋಚಿಸಿದರೆ ಮೈ ಜುಂ ಎನ್ನುತ್ತದೆ. ನಾನು ನಡುಮನೆ ತಲುಪುವಷ್ಟರಲ್ಲಿ ಗೇಟು ಧಡಾರೆಂದಿತು. ಎದುರು ಮನೆಯ ಹೆಣ್ಣುಮಗಳು, ಕೊರಳಲ್ಲಿ ಹೆಡ್‌ಫೋನ್ ನೇತಾಡುತ್ತಿದ್ದಂತೆಯೇ, ಚಪ್ಪಲಿ ಬಿಡದೆ ಹೊಸ್ತಿಲು ದಾಟಿ ನುಗ್ಗಿದಳು. ಅವಳ ಹಿಂದೆ ಲುಂಗಿಯಲ್ಲಿ ಕಾರ್ಯದರ್ಶಿಗಳು. ಅವರನ್ನು ಲುಂಗಿಯಲ್ಲಿ ಬಡಾವಣೆ ಯಾವತ್ತೂ ನೋಡಿರಲಿಲ್ಲ. ಹುಡುಗಿ ನನಗೂ ಹೆಂಡತಿಗೂ ನಡುವೆ ನಿಂತು ಎರಡೂ ಕೈ ಅಗಲ ಮಾಡಿದಳು.

"ಅಂಕಲ್, ಅದನ್ನ ಕೆಳಗಿಡಿ. ಮೊದ್ಲು ಕೆಳಗಿಡಿ." ದನಿ ನಡುಗುತ್ತಿತ್ತು, ಆದರೆ ಅವಳು ಸರಿಯಲಿಲ್ಲ.

ನಾನು ಹಾರೆಯನ್ನು ಸೋಫಾದ ಮೇಲಿಟ್ಟೆ. ಅವಳು ನನ್ನ ಹೆಂಡತಿಯ ಭುಜ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಕಾರ್ಯದರ್ಶಿಗಳು ಕುರ್ಚಿ ಎಳೆದು ಕೂತು, ಲುಂಗಿ ಸರಿಮಾಡಿಕೊಂಡು, ಕಡತ ಬಿಚ್ಚುವ ದನಿಯಲ್ಲಿ ಶುರುಮಾಡಿದರು.

"ನೋಡಿ ಸಾರ್, ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಆದ್ರೆ ಚಪ್ಪಾಳೆ ತಟ್ಟಿ ಕರೆಯೋದು, ಆಯಮ್ಮ ಕಲ್ಲಲ್ಲಿ ಹೊಡೆಯೋದು, ಇದು ತಿಂಗಳಿಂದ ನಡೀತಿದೆ. ನಾವೂ ಮೆಸೇಜ್ ಹಾಕಿ ನೋಡಿದ್ವಿ. ನೀವು ಅದಕ್ಕೆ ಬೆಂಬಲ ಬೇರೆ ಸೂಚಿಸಿದ್ರಿ."

ಆಗ ನನಗೆ ಎಲ್ಲ ಹೊಳೆಯಿತು. ನಗು ಒತ್ತರಿಸಿ ಬಂತು. ಹಣೆಯಲ್ಲಿ ರಕ್ತ ಇಟ್ಟುಕೊಂಡು ಗಹಗಹಿಸಿ ನಗುವ ಮನುಷ್ಯನನ್ನು ನೋಡಿ ಅವರು ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡರು. ನಾನು ಮಗ್ಗ, ಸದ್ದು, ಕಿವಿ, ಕಂಡಿಕೆ ಎಲ್ಲವನ್ನೂ ವಿವರಿಸಿದೆ. ಅವರು ನಂಬಲಿಲ್ಲ. ಸಾಕ್ಷಿ ಬೇಕೆಂದರು. ಅಡುಗೆಮನೆಯ ಬಾಗಿಲು ತೆರೆಸಿ, ಹೆಂಡತಿಯನ್ನು ನಡುಮನೆಯ ಆ ತುದಿಗೆ ನಿಲ್ಲಿಸಿ, ಅವರು ನನ್ನ ಕಿವಿಯಲ್ಲಿ ಹೇಳಿದ ಮಾತನ್ನು ನಾನು ಕೈಸನ್ನೆಯಲ್ಲಿ ಅವಳಿಗೆ ಹೇಳಬೇಕೆಂದು ಪರೀಕ್ಷೆ ಇಟ್ಟರು. ಅವರು ಹೇಳಿದ್ದು ಇಷ್ಟೇ, ಕಾಫಿ, ಸಕ್ಕರೆ ಬೇಡ.

"ಅವ್ರಿಗೆ ಸಕ್ಕರೆ ಕಾಯ್ಲೆಯಾ?" ಎಂದು ಅವಳು ಕೇಳಿದಳು.

ಪರೀಕ್ಷೆ ಮುಗಿಯಿತು. ಕಾರ್ಯದರ್ಶಿಗಳು ಕಾಫಿ ಕುಡಿದರು, ಬಿಸಿ ಉಪ್ಪಿಟ್ಟು ತಿಂದರು, ಇನ್ನೊಮ್ಮೆ ಹಾಕಿಸಿಕೊಂಡರು. ನಮ್ಮ ಕೂಗಾಟಕ್ಕೆ ಸಂಘದಿಂದ ಏನಾದರೂ ಪರವಾನಗಿ ಕೊಡಬಹುದೇ ಎಂದು ಗಂಭೀರವಾಗಿ ಯೋಚಿಸಿದರು. ಬೆಂಚಿನ ವಿಷಯವನ್ನೂ ಸಹಾನುಭೂತಿಯಿಂದ ಪರಿಶೀಲಿಸುವುದಾಗಿ ಹೇಳಿದರು. ಆ ಹುಡುಗಿಗೆ ನಾಚಿಕೆಯಿಂದ ಮುಖ ಕೆಂಪಾಗಿತ್ತು. ಚಪ್ಪಲಿಯನ್ನು ಈಗ ಬಿಟ್ಟು ಬರಲೇ ಎಂದು ಕೇಳಿದಳು. ಹೋಗುವಾಗ ನನ್ನ ಹೆಂಡತಿಯ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ನಿಂತು, ಆಮೇಲೆ ಹೋದಳು.

ಅವರು ಗೇಟು ದಾಟಿದ ಮೇಲೆ ನನ್ನ ಸಂತೋಷಕ್ಕೆ ಮಿತಿ ಇರಲಿಲ್ಲ. ನಾನು ಗೆದ್ದಿದ್ದೆ.

"ಆಯ್ತಲ್ಲ. ಫೋನ್ ಮಾಡ್ಲಿಲ್ಲ, ಯಾರೂ ಕರೀಲಿಲ್ಲ, ತಾವಾಗೇ ಬಂದ್ರು. ಒಬ್ರಲ್ಲ, ಇಬ್ರು ಬಂದ್ರು. ಇನ್ನು ಊರಿಗೆ ಹೋಗೋ ಮಾತು ಎತ್ತಬೇಡ."

ಅವಳು ನಗಲಿಲ್ಲ. ನನ್ನ ಹಣೆಗೆ ಅರಿಶಿನ ಒತ್ತುತ್ತ ನಿಂತಿದ್ದಳು.

"ಒಳಗೆ ಕರ್ಕೊಂಡೋಗಿ ಆ ಹುಡುಗಿ ಏನ್ ಕೇಳಿದ್ಲು ಗೊತ್ತಾ? ಆಂಟಿ, ಅವ್ರು ಹೊಡೀತಾರಾ, ನಂಗೆ ಹೇಳಿ, ನಾನಿದ್ದೀನಿ ಅಂದ್ಲು. ಇಲ್ಲ ಕಣಮ್ಮ ಅಂದೆ. ನಿಜ ಹೇಳಿ ಅಂತ ನನ್ನ ಕಣ್ಣನ್ನೇ ನೋಡಿದ್ಲು."

"ನೀನು ನಕ್ಕುಬಿಡಬೇಕಿತ್ತು."

"ಅಳು ಬಂತು." ಅವಳು ನನ್ನ ಹಣೆಯಿಂದ ಕೈ ತೆಗೆದಳು. "ನಮ್ಮಮ್ಮ ಹೋದ್ರಲ್ಲ, ತಿಥಿ ಮುಗಿಸ್ಕೊಂಡು ಬಂದ ಮಾರನೇ ದಿನವೇ ಮತ್ತೆ ಮಗ್ಗ ಓಡ್ಸಿದ್ವಿ. ಅವತ್ತು ಮಗ್ಗದ ಮುಂದೆ ನಿಂತ್ಕೊಂಡು ಬಾಯ್ಬಿಟ್ಟು ಅತ್ತೆ. ಗಂಟ್ಲು ಹರಿಯೋ ಹಂಗೆ ಅತ್ತೆ. ನೀವು ಪಕ್ಕದ ಮಗ್ಗದಲ್ಲೇ ಇದ್ರಿ, ಬೆನ್ನು ಈ ಕಡೆ ಇತ್ತು. ಬೀದಿ ತುಂಬ ನಮ್ಮೋರೇ. ಸಾರಿಗೆ ಉಪ್ಪು ಹಾಕೋಕೆ ಅವತ್ತೂ ಬಂದು ಹೋದ್ರು. ಒಬ್ರಿಗೂ ಕೇಳ್ಲಿಲ್ಲ."

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ.

"ನನ್ನ ಕರೀಬಾರ್ದಿತ್ತಾ?" ಎಂದೆ.

"ಅಳೋದಕ್ಕೆ ಯಾರನ್ನಾದ್ರೂ ಕರೀತಾರೇನ್ರಿ?"

ಹೊರಗೆ ಕಂಬ ಕಿತ್ತ ಗುಂಡಿ ಹಾಗೇ ಇತ್ತು, ಹಬ್ಬಕ್ಕೆ ಮೊದಲು ಅದನ್ನು ಮುಚ್ಚಬೇಕಿತ್ತು. ನಾನು ಏಳಲಿಲ್ಲ. ಅವಳು ಎದುರು ಮನೆಯ ಕಿಟಕಿಯ ಕಡೆ ನೋಡಿದಳು. ಪರದೆಯನ್ನು ಪೂರ್ತಿ ಸರಿಸಿ ಆ ಹುಡುಗಿ ಮತ್ತೆ ಕೆಲಸಕ್ಕೆ ಕೂತಿದ್ದಳು.

"ಇಲ್ಲೇ ಇರೋಣ," ಎಂದಳು ನನ್ನ ಹೆಂಡತಿ, ಕೂಗದೆ. "ಇಲ್ಲಿ ಅತ್ರೆ ಕೇಳ್ಸುತ್ತೆ."